ಪಂಕ್ತಿಯಲ್ಲಿ ನಿಧಾನವಾಗಿ ಉಣ್ಣುವವರು

ಹಂಚಿ ಉಂಡರೆ ಹಸಿವಿಲ್ಲವೆಂಬುದು ಹಿರಿಯರ ಮಾತು. ಆದರೆ ಸಮಪಾಲೆಂದರೆ ಏನು? ಈ ಹಳೆಯ ಪ್ರಶ್ನೆಯನ್ನು ಮನೆಯ ಗೋಡೆಯ ಮೇಲಿನ ವೈಫೈ ಪೆಟ್ಟಿಗೆ ನಮಗೆ ಹೊಸದಾಗಿ ಕೇಳಿತು.

ಎರಡು ಕೋಣೆಗಳ ಮನೆಯಲ್ಲೂ ಇಂದು ಫೋನು, ಟೀವಿ, ಲ್ಯಾಪ್‌ಟಾಪು ಎಂದು ಹತ್ತಾರು ಸಾಧನಗಳು. ಸಾಮಾನ್ಯ ಪೆಟ್ಟಿಗೆಯೊಂದು ಸುಮಾರು 250 ವಿಳಾಸಗಳನ್ನು ಕೊಡಬಲ್ಲದು. ಆದ್ದರಿಂದ ಕೊರತೆ ಜಾಗದ್ದಲ್ಲ, ಹೊತ್ತಿನದು. ಒಂದು ಚಾನೆಲ್ಲಿನಲ್ಲಿ ಇಬ್ಬರು ಒಮ್ಮೆಗೇ ಮಾತನಾಡಿದರೆ ಸಾಮಾನ್ಯವಾಗಿ ಇಬ್ಬರ ಮಾತೂ ಕೆಡುತ್ತದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ರೇಡಿಯೋ ಮೂಲಕ ಗಣಕಗಳನ್ನು ಜೋಡಿಸಿದಾಗ ಎದುರಾದ ತೊಡಕೂ ಇದೇ. ಅದಕ್ಕಾಗಿ ವೈಫೈ ಸಾಧನ ಮೊದಲು ಆಲಿಸುತ್ತದೆ. ಮೌನವಿದ್ದರೆ ತುಸು ಕಾದು ಮಾತನಾಡುತ್ತದೆ. ನಮ್ಮ ಸಭೆಗಳಲ್ಲಿಯೂ ಕಾಣದ ಸಭ್ಯತೆ!

ಹೀಗೆ ಎಲ್ಲರಿಗೂ ಸಮನಾದ ಸರದಿ. ಆದರೆ ದೂರದ ಕೋಣೆಯ ಹಳೆಯ ಫೋನು ಅಷ್ಟೇ ಮಾತನ್ನು ನಿಧಾನವಾಗಿ ಆಡುತ್ತದೆ. ಸರದಿ ಸಮವಾದರೂ ಹೊತ್ತು ಅದಕ್ಕೇ ಹೆಚ್ಚು, ಉಳಿದವರೆಲ್ಲ ಕಾಯಬೇಕು. ಕೆಲವು ಪೆಟ್ಟಿಗೆಗಳು ಸರದಿಯ ಬದಲು ಹೊತ್ತನ್ನೇ ಸಮವಾಗಿ ಹಂಚುತ್ತವೆ. ಆಗ ನಿಧಾನಿಗೆ ದಕ್ಕುವುದು ಕಡಿಮೆ. ಯಾವುದು ನ್ಯಾಯ?

ನಮ್ಮ ಮನೆಯ ಹಳೆಯ ಫೋನು ತಾಯಿಯವರದು. ಸಂಜೆ ಊರಿನ ತಂಗಿಯ ಮುಖ ನೋಡಿ ಮಾತನಾಡುವುದಕ್ಕೆ ಮಾತ್ರ ಅವರಿಗೆ ವೈಫೈ ಬೇಕು. "ಅಜ್ಜಿ ಫೋನ್ ತೆಗೆದುಬಿಡೋಣ ಅಪ್ಪಾ, ನನ್ನ ಕ್ಲಾಸು ನಿಂತು ನಿಂತು ಬರುತ್ತೆ" ಎಂದ ಮಗ. ಪರೀಕ್ಷೆಯ ದಿನಗಳು. ನಾವು ಒಪ್ಪಿ, ಹೇಳದೆಯೇ ತೆಗೆದೆವು. ಎರಡು ಸಂಜೆ ಕಳೆಯಿತು. "ತಂಗಿ ಯಾಕೋ ನನ್ನ ಮರೆತಳು" ಎಂದಷ್ಟೇ ಹೇಳಿ ತಾಯಿಯವರು ಸುಮ್ಮನಾದರು. ಯಾರನ್ನೂ ದೂರಲಿಲ್ಲ. ನಿಧಾನಿಗಳು ದೂರುವುದಿಲ್ಲ, ಆದ್ದರಿಂದಲೇ ಉಳಿದವರಿಗೆ ತಮ್ಮ ಹಂಚಿಕೆ ನ್ಯಾಯವಾಗಿ ಕಾಣುತ್ತದೆ.

ಆಗ ಊರಿನ ಪಂಕ್ತಿಭೋಜನ ನೆನಪಾಯಿತು. ಹಿರಿಯರು ಉಂಡು ಮುಗಿಸುವವರೆಗೆ ಯಾರೂ ಏಳುತ್ತಿರಲಿಲ್ಲ. ಹಾಗೆಂದು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ತುರುಕುತ್ತಲೂ ಇರಲಿಲ್ಲ; ಜನ ಹೆಚ್ಚಾದರೆ ಎರಡನೆಯ ಪಂಕ್ತಿ.

ನಾವೂ ಹಾಗೆಯೇ ಮಾಡಿದೆವು. ಪೆಟ್ಟಿಗೆಯನ್ನು ಮನೆಯ ನಡುವಿಗೆ ತಂದೆವು, ಟೀವಿಗೆ ತಂತಿ ಎಳೆಸಿದೆವು, ಸಿನಿಮಾ ಇಳಿಸಿಕೊಳ್ಳುವುದನ್ನು ರಾತ್ರಿ ಹತ್ತರ ನಂತರಕ್ಕೆ ಇಟ್ಟೆವು. ಈಗ ತಾಯಿಯವರ ಮಾತೂ ಮಗನ ಪಾಠವೂ ನಡೆಯುತ್ತಿವೆ.

ಮಿತಿಯಿಲ್ಲದ ವಸ್ತು ಲೋಕದಲ್ಲಿಲ್ಲ. ಮಿತಿ ಎದುರಾದಾಗ ಮೊದಲು ಯಾರನ್ನು ಎಬ್ಬಿಸಬೇಕೆಂದು ಯೋಚಿಸುತ್ತೇವೆಯೋ, ಎಲೆಗಳನ್ನು ಹೇಗೆ ಹಾಕಬೇಕೆಂದು ಯೋಚಿಸುತ್ತೇವೆಯೋ, ನಮ್ಮ ಪರೀಕ್ಷೆ ಅಲ್ಲಿದೆ. ನಾವು ಮೊದಲ ಸಲ ಅದರಲ್ಲಿ ತೇರ್ಗಡೆಯಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.