ನಾಳೆಗೆ ತೆಗೆದಿಟ್ಟ ಅನ್ನ

ನಾಳೆಯ ಊಟವನ್ನು ಇಂದೇ ಕೂಡಿಡುವುದು ವಿವೇಕವೋ, ದೇವರ ಮೇಲಿನ ಅಪನಂಬಿಕೆಯೋ?

ಬೈಬಲ್‌ನಲ್ಲಿ ಎರಡಕ್ಕೂ ಸಾಕ್ಷಿಯಿದೆ. ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರೇಲರಿಗೆ ಆಕಾಶದಿಂದ ಮನ್ನಾ ಸುರಿದಾಗ, ಆ ದಿನಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆಯಿತ್ತು. ಮರುದಿನಕ್ಕೆಂದು ಉಳಿಸಿಕೊಂಡವರ ಪಾಲಿನ ಮನ್ನಾ ಹುಳ ಬಿದ್ದು ನಾರಿತು. ಆದರೆ ಸಬ್ಬತ್ತಿನ ವಿಶ್ರಾಂತಿಗೆಂದು ಮುನ್ನಾದಿನ ತೆಗೆದಿಟ್ಟ ಅದೇ ಮನ್ನಾ ಕೆಡಲಿಲ್ಲ. ಯೋಸೇಫನಂತೂ ಏಳು ವರ್ಷ ಸುಗ್ಗಿಯ ಧಾನ್ಯವನ್ನು ಕಣಜಕ್ಕೆ ತುಂಬಿಸಿ, ಮುಂದಿನ ಏಳು ವರ್ಷದ ಬರದಲ್ಲಿ ಈಜಿಪ್ಟನ್ನು ಉಳಿಸಿದ. ಅಂದರೆ ಕೂಡಿಟ್ಟಿದ್ದೇ ತಪ್ಪಲ್ಲ. ಯಾವುದಕ್ಕಾಗಿ, ಯಾರಿಗಾಗಿ ಎಂಬುದರ ಮೇಲೆ ಅದರ ಸರಿತಪ್ಪು ನಿಂತಿದೆ.

ಈ ಮಾತನ್ನು ಬದುಕಿನಲ್ಲಿ ಪರೀಕ್ಷಿಸಿದವರು ಅಮೆರಿಕದ ಯೂಟಾದಲ್ಲಿ ನೆಲೆಯೂರಿದ ಮಾರ್ಮನ್ ಕ್ರೈಸ್ತರು. 1876ರಲ್ಲಿ ಅವರ ನಾಯಕ ಬ್ರಿಗಮ್ ಯಂಗ್ ಗೋಧಿ ಕೂಡಿಡುವ ಹೊಣೆಯನ್ನು ಹೆಂಗಸರಿಗೆ ಒಪ್ಪಿಸಿದರು. ಅವರಲ್ಲೊಬ್ಬರಾದ ಎಮಲೀನ್ ವೆಲ್ಸ್ ಮುಂದಾಳತ್ವ ವಹಿಸಿದರು. ತಮ್ಮವರ ಕಷ್ಟಕಾಲಕ್ಕೆಂದು ಕೂಡಿಸಿದ ಆ ಕಣಜದಿಂದ 1906ರ ಭೂಕಂಪದಲ್ಲಿ ನಲುಗಿದ ಸ್ಯಾನ್ ಫ್ರಾನ್ಸಿಸ್ಕೊಗೆ ಹಿಟ್ಟು ಹೋಯಿತು. ಚೀನಾದ ಕ್ಷಾಮಕ್ಕೂ ನೆರವು ಹೋಯಿತು. 1918ರಲ್ಲಿ, ಮಹಾಯುದ್ಧದ ನಡುವೆ, ಎರಡು ಲಕ್ಷ ಬುಷೆಲ್‌ಗೂ ಹೆಚ್ಚು ಗೋಧಿಯನ್ನು ಅವರು ಸರ್ಕಾರಕ್ಕೆ ಮಾರಿದರು.

ಇಂದು ಆ ಕಣಜ ಮನೆಯೊಳಗಿನ ಡಬ್ಬಿಗಳ ಸಾಲಾಗಿದೆ. ಸುಮಾರು ಮೂರು ಲೀಟರ್ ಹಿಡಿಯುವ ತಗಡಿನ ಡಬ್ಬಿಗೆ ಗೋಧಿಯನ್ನೋ ಬಿಳಿ ಅಕ್ಕಿಯನ್ನೋ ತುಂಬಿ, ಆಮ್ಲಜನಕ ಹೀರುವ ಪುಟ್ಟ ಪೊಟ್ಟಣ ಹಾಕಿ, ಮುಚ್ಚಳ ಬಿಗಿಯುತ್ತಾರೆ. 24 ಡಿಗ್ರಿ ಸೆಲ್ಸಿಯಸ್ ಮೀರದ ಒಣ ಜಾಗದಲ್ಲಿಟ್ಟರೆ ಅದು 30 ವರ್ಷ ಬಾಳುತ್ತದೆ ಎಂಬುದು ಅವರ ಲೆಕ್ಕ. ಧಾನ್ಯ ಚೆನ್ನಾಗಿ ಒಣಗಿರಲೇಬೇಕು. ತೇವ ಉಳಿದರೆ, ಗಾಳಿಯಿಲ್ಲದ ಆ ಡಬ್ಬಿಯಲ್ಲೇ ಬಾಟುಲಿಸಮ್ ಎಂಬ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆದೀತು. ತವುಡಿನ ಎಣ್ಣೆಯಂಶವಿರುವ ಕೆಂಪಕ್ಕಿ ಬೇಗ ಕಮಟುತ್ತದೆ. ಅದು ಈ ಸಾಲಿಗೆ ಸೇರುವುದಿಲ್ಲ.

ಅಂಗಡಿಯಿಂದ ತಂದ ಡಬ್ಬಿಗಳ ಆಯುಸ್ಸು ಇಷ್ಟು ದೀರ್ಘವಲ್ಲ. ಟೊಮ್ಯಾಟೊ, ಅನಾನಸ್‌ನಂಥ ಹುಳಿ ಪದಾರ್ಥಗಳ ರುಚಿ 12ರಿಂದ 18 ತಿಂಗಳು, ಮಾಂಸ ಮತ್ತು ತರಕಾರಿಯದು 2ರಿಂದ 5 ವರ್ಷ ಉಳಿಯುತ್ತದೆ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ, ಬೆಸುಗೆಯಂಚಿನಲ್ಲಿ ಆಳವಾಗಿ ನೆಗ್ಗಿದ್ದರೆ, ನಾಲಿಗೆಗೆ ಹಚ್ಚಿ ನೋಡಲೂ ಬಾರದು. ಬಾಟುಲಿಸಮ್ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ.

ಇದೆಲ್ಲ ಬರೀ ಅಡುಗೆಮನೆಯ ಅಚ್ಚುಕಟ್ಟು ಎಂದು ತಳ್ಳಿಹಾಕುವಂತಿಲ್ಲ. ಹೊಸ ಡಬ್ಬಿಯನ್ನು ಹಿಂದಿಟ್ಟು ಹಳೆಯದನ್ನು ಮುಂದೆ ಎಳೆಯುವವರು, ಕೂಡಿಟ್ಟದ್ದು ಉಣ್ಣುವುದಕ್ಕೇ ಎಂಬುದನ್ನು ಮರೆತಿಲ್ಲ. ಅದನ್ನು ಮರೆತಾಗ ಸಂಗ್ರಹ ಭಯದ ಗುಡ್ಡೆಯಾಗುತ್ತದೆ. ತಿಂದು ಮುಗಿಸಲಾರದಷ್ಟು ತಂದು, ದಿನಾಂಕ ಕಳೆದ ಮೇಲೆ ತಿಪ್ಪೆಗೆಸೆಯುವ ಮನೆಯಲ್ಲಿ ಆಗುವುದು ಮನ್ನಾದ ಪುನರಾವರ್ತನೆಯೇ. ಅನ್ನವನ್ನು ಹೆಚ್ಚಿಸು ಎಂದ ತೈತ್ತಿರೀಯ ಉಪನಿಷತ್ತು ಕೂಡ ಆ ಮಾತನ್ನು ಅಲ್ಲಿಗೇ ಬಿಡದೆ, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದೆಂಬ ವ್ರತವನ್ನು ಅದರ ಬೆನ್ನಿಗೇ ಹೇಳುತ್ತದೆ.

ಮಾರ್ಮನ್ ಚರ್ಚು ಈ ಅಪಾಯ ಬಲ್ಲದು. ಅತಿರೇಕ ಬೇಡ, ಸಾಲ ಮಾಡಿ ಕೂಡಿಡಬೇಡಿ ಎಂದು 2007ರ ತನ್ನ ಕಿರುಹೊತ್ತಗೆಯಲ್ಲಿ ಅದು ಸ್ಪಷ್ಟವಾಗಿ ಹೇಳಿದೆ. ಅದರ ಅನುಯಾಯಿಗಳು ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು, ಆ ಊಟದ ಬೆಲೆಯನ್ನಾದರೂ ಹಸಿದವರಿಗಾಗಿ ಕೊಡುತ್ತಾರೆ. ಮನೆಯಲ್ಲಿ ಡಬ್ಬಿ ಕೂಡಿಡುವ ಯಾರಿಗಾದರೂ ಹೀಗೆ ಹಂಚಿಕೊಳ್ಳುವ ಕ್ರಮ ಹೊಂದುತ್ತದೆ: ಈ ವಾರವೇ ಕಪಾಟು ತೆರೆದು ದಿನಾಂಕ ನೋಡಿ, ತಿನ್ನಲಾಗದಷ್ಟಿದ್ದರೆ ಅವಧಿ ಮುಗಿಯುವ ಮೊದಲೇ ಬೇಕಾದವರಿಗೆ ಕೊಟ್ಟುಬಿಡಿ.