ಅಡ್ಡಗೋಡೆಯ ಎತ್ತರ

ಮನಶ್ಶಾಸ್ತ್ರದಲ್ಲಿ ನೆಟ್ ಪರೀಕ್ಷೆಗೆ ಓದುವವರಿಗೆ ಒಂದು ಚಟ ಅಂಟುತ್ತದೆ: ಓದಿದ ಪ್ರತಿ ಪರಿಕಲ್ಪನೆಗೂ ಮನೆಯಲ್ಲೋ ಓಣಿಯಲ್ಲೋ ಒಬ್ಬರನ್ನು ಉದಾಹರಣೆಯಾಗಿ ಹುಡುಕುವುದು. ಓದಿದ್ದು ನೆನಪಿರುತ್ತದೆ, ನಿಜ. ಉದಾಹರಣೆಯಾದವರಿಗೆ ಇದರಿಂದ ನಷ್ಟವಿಲ್ಲವೇ? ಇದೆ ಎಂದೇ ನನಗನ್ನಿಸುತ್ತದೆ.

‘ಕಲಿತ ಅಸಹಾಯಕತೆ’ ಎಲ್ಲ ಗೈಡುಗಳಲ್ಲೂ ಇರುವ ಪದ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳನ್ನು ಕಟ್ಟಿಹಾಕಿ, ಅವು ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ನಡುವೆ ಗಿಡ್ಡ ಅಡ್ಡಗೋಡೆಯಿದ್ದ ಪೆಟ್ಟಿಗೆಯಲ್ಲಿ ಬಿಟ್ಟರು. ಜಿಗಿದರೆ ಪಾರು. ಹಲವು ನಾಯಿಗಳು ಜಿಗಿಯಲೇ ಇಲ್ಲ.

ನೆಲೋಗಿಯ ನಮ್ಮ ಓಣಿಯಲ್ಲಿ ಒಬ್ಬ ಕಾಕಾ ತೊಗರಿಗೆ ಬೆಳೆ ವಿಮೆ ಕಟ್ಟುವುದನ್ನೇ ಬಿಟ್ಟಿದ್ದಾರೆ. “ಕಟ್ಟರಿ ಕಾಕಾ, ಎರಡೇ ಪರ್ಸೆಂಟ್ ಅದ” ಎಂದರೆ, “ಎರಡು ಸಲ ಕಟ್ಟೀನಿ ತಮ್ಮಾ. ಮಂದಿ ಹೊಲ ನೋಡಿ ನನ್ನ ಹೊಲದ ಲೆಕ್ಕ ಹಾಕ್ತಾರ” ಅನ್ನುತ್ತಾರೆ. ಗೈಡು ಓದಿದವನಿಗೆ ಪದ ಥಟ್ಟನೆ ಹೊಳೆಯುತ್ತದೆ.

ಆದರೆ ಕಾಕಾ ಹೇಳಿದ್ದು ನಿಯಮವನ್ನೇ. ಬರ, ರೋಗಗಳ ನಷ್ಟವನ್ನು ಈ ವಿಮೆ ಒಬ್ಬೊಬ್ಬರ ಹೊಲಕ್ಕೆ ಹೋಗಿ ಅಳೆಯುವುದಿಲ್ಲ. ಪಂಚಾಯಿತಿ ಇಲ್ಲವೇ ಹೋಬಳಿಯ ಕೆಲವು ಹೊಲಗಳನ್ನು ಆಯ್ದು, ಬೆಳೆ ಕಟಾವು ಪ್ರಯೋಗ ಮಾಡಿ, ಸರಾಸರಿ ಇಳುವರಿ ತೆಗೆಯುತ್ತಾರೆ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರನ್ನು ಕಂಗೆಡಿಸಿದ ನೆಟೆ ರೋಗವನ್ನೇ ನೋಡಿ. ಅದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವಂಥದ್ದು; ಒಂದು ಹೊಲ ನಿಂತಲ್ಲೇ ಒಣಗಿ ಬಾಜೂ ಹೊಲ ಹಸಿರಾಗಿಯೇ ಇರಬಹುದು. ಆಗ ಸರಾಸರಿ ಚೆನ್ನಾಗಿ ಬಂದರೆ, ಒಣಗಿದ ಹೊಲದವರಿಗೆ ಪರಿಹಾರವಿಲ್ಲ.

ಕಾಕಾನದು ಅಸಹಾಯಕತೆಯೋ, ಲೆಕ್ಕವೋ? ಪ್ರಯೋಗಾಲಯದ ಗೋಡೆ ಗಿಡ್ಡವೆಂದು ವಿಜ್ಞಾನಿಗಳಿಗೆ ಖಚಿತವಾಗಿ ಗೊತ್ತಿತ್ತು, ಇಟ್ಟವರೇ ಅವರು. ಜಿಗಿಯದ ನಾಯಿಯ ಸ್ಥಿತಿಗೆ ಹೆಸರಿಡುವ ಹಕ್ಕು ಅವರಿಗೆ ಬಂದದ್ದು ಅಲ್ಲಿಂದ. ಇಲ್ಲಿ ಗೋಡೆಯ ಎತ್ತರ ನೋಡದೆ, ಜಿಗಿಯದವರ ಮನಸ್ಸನ್ನಷ್ಟೇ ಅಳೆದರೆ ಅದು ಓದಿದವರ ಬೈಗುಳ. (ಸೋಮಾರಿ ಎಂದಿದ್ದರೆ ಕಾಕಾ ತಿರುಗಿ ಬೈಯುತ್ತಿದ್ದರು. ಈ ಪದಕ್ಕೆ ಹೇಗೆ ಬೈಯಬೇಕು?)

ಮೇಯರ್ ಮತ್ತು ಸೆಲಿಗ್‌ಮನ್ 2016ರಲ್ಲಿ ತಮ್ಮ ಸಿದ್ಧಾಂತವನ್ನೇ ತಿರುಗಿಸಿ ಹಾಕಿದರು. ದೀರ್ಘ ಆಘಾತಕ್ಕೆ ಸುಮ್ಮನಾಗುವುದು ಕಲಿತದ್ದಲ್ಲ, ಮೆದುಳಿನ ಸಹಜ ಪ್ರತಿಕ್ರಿಯೆ. ಪರಿಸ್ಥಿತಿ ತನ್ನ ಹಿಡಿತದಲ್ಲಿದೆ ಎಂಬುದೇ ಕಲಿಯಬೇಕಾದ್ದು ಎಂದರು. ಉಪದೇಶದಿಂದ ಅದು ಬರುವುದಿಲ್ಲ. 1968ರಲ್ಲಿ ವರದಿಯಾದ ಪ್ರಯೋಗದಲ್ಲಿ ಅಂಥ ನಾಯಿಗಳನ್ನು ಹಗ್ಗ ಹಿಡಿದು ಮತ್ತೆ ಮತ್ತೆ ಆಚೆ ಎಳೆಯಬೇಕಾಯಿತು. ಆಮೇಲಷ್ಟೇ ತಾವಾಗಿ ದಾಟಿದವು. ನಮ್ಮಲ್ಲಿ ಆ ಕೆಲಸಕ್ಕೆ, ಕಟಾವು ಪ್ರಯೋಗಕ್ಕೆ ಯಾವ ಹೊಲ ಆಯ್ದರು, ಎಷ್ಟು ತೂಕ ಬಂತು ಎಂದು ಊರ ಕಟ್ಟೆಯ ಮೇಲೆ ಕಾಕಾನ ಎದುರು ಓದಿ ಹೇಳುವವರೊಬ್ಬರು ಬೇಕು.