ಓಟವೂ ಸೋಣ ಭಿಕ್ಷುವಿನ ಪಾದರಕ್ಷೆಯೂ

*ಇಂದಿನ ಚಿಂತನೆ: ಸಮ್ಯಕ್ ವ್ಯಾಯಾಮ*

ಅಷ್ಟಾಂಗ ಮಾರ್ಗದ ಆರನೆಯ ಅಂಗಕ್ಕೆ ಪಾಳಿಯಲ್ಲಿ ಸಮ್ಮಾ ವಾಯಾಮ, ಸಂಸ್ಕೃತದಲ್ಲಿ ಸಮ್ಯಕ್ ವ್ಯಾಯಾಮ ಎಂದು ಹೆಸರು. ವ್ಯಾಯಾಮ ಎಂದ ಕೂಡಲೇ ಕನ್ನಡದ ಕಿವಿಗೆ ಗರಡಿಮನೆ, ಬಸ್ಕಿ, ಬೆಳಗಿನ ಓಟ ನೆನಪಾಗುತ್ತದೆ. ಧಮ್ಮದಲ್ಲಿ ಆ ಪದದ ಅರ್ಥ ಪ್ರಯತ್ನ. ಕೆಟ್ಟದ್ದು ಹುಟ್ಟದಂತೆ ನೋಡಿಕೊಳ್ಳುವುದು, ಹುಟ್ಟಿದ್ದನ್ನು ತೊಲಗಿಸುವುದು, ಒಳ್ಳೆಯದನ್ನು ಹುಟ್ಟಿಸುವುದು, ಹುಟ್ಟಿದ್ದನ್ನು ಉಳಿಸಿ ಬೆಳೆಸುವುದು. ಎರಡು ಅರ್ಥಗಳೂ ಒಂದೇ ಪದದಲ್ಲಿ ಕೂತಿರುವುದರಿಂದ, ಇವತ್ತು ಮೈಯ ವ್ಯಾಯಾಮವನ್ನೇ ಹಿಡಿದು ಧಮ್ಮದ ಒಂದು ಪ್ರಶ್ನೆ ಕೇಳೋಣ.

ನಮ್ಮ ಮನೆಗಳ ಮಕ್ಕಳು ಈಗ ಓಡುತ್ತಿದ್ದಾರೆ. ಕೆಲಸಕ್ಕೆ ಸೇರಿ ನಾಲ್ಕು ಕಾಸು ಕಂಡವರು ಬೆಳಗಿನ ಐದಕ್ಕೆ ಎದ್ದು 5 ಕಿ.ಮೀ., 10 ಕಿ.ಮೀ. ಓಡುತ್ತಾರೆ. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ವರ್ಲ್ಡ್ 10ಕೆ ಯಂಥ ಓಟಗಳಿಗೆ ಹೆಸರು ಕೊಡುತ್ತಾರೆ. ಕೆಲವರು 42.195 ಕಿ.ಮೀ.ನ ಮ್ಯಾರಥಾನಿನ ಕನಸು ಕಾಣುತ್ತಾರೆ. ಇದನ್ನು ನೋಡಿ ಮನೆಯ ಹಿರಿಯರು ಕೇಳುವುದುಂಟು: "ಹೊಟ್ಟೆಪಾಡಿಗೆ ನಾವು ಓಡಿದ್ದು ಸಾಲದೇ? ಬಸ್ಸಿಲ್ಲವೇ, ಬೈಕಿಲ್ಲವೇ? ಸಾವಿರಾರು ರೂಪಾಯಿಯ ಶೂ ಹಾಕಿಕೊಂಡು ಸುಮ್ಮನೆ ಓಡಿ ಬರುವುದು ಯಾವ ಸೀಮೆಯ ಕೆಲಸ?"

ನಗುವ ಮೊದಲು ಈ ಪ್ರಶ್ನೆಯ ಹಿಂದಿರುವ ಚರಿತ್ರೆಯನ್ನು ನೆನೆಯಬೇಕು. ನಮ್ಮವರ ಕಾಲು ಬಹುಕಾಲ ನಮ್ಮದಾಗಿರಲಿಲ್ಲ. ಊರಲ್ಲಿ ಸಾವಾದರೆ ದೂರದ ಊರಿನ ನೆಂಟರಿಗೆ ಸುದ್ದಿ ಮುಟ್ಟಿಸಲು ಓಡಬೇಕಾದವರು ನಮ್ಮವರು. ಅದಕ್ಕೆ ಕೂಲಿಯಿಲ್ಲ, ಒಲ್ಲೆ ಎನ್ನುವ ಹಕ್ಕಿಲ್ಲ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನಿನ ಕಾನೂನು ತಿದ್ದಲು ಮಸೂದೆ ತಂದದ್ದು ಇಂಥ ಬಿಟ್ಟಿ ಚಾಕರಿಯ ವಿರುದ್ಧ. ಆಗ ಬೆಳಗಾವಿ, ಧಾರವಾಡ, ವಿಜಯಪುರ ಅದೇ ಪ್ರಾಂತ್ಯದಲ್ಲಿದ್ದವು. ಇನ್ನು ಎಷ್ಟೋ ಊರುಗಳಲ್ಲಿ ಮೇಲ್ಜಾತಿಯ ಬೀದಿ ಬಂದೊಡನೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಆ ಚಪ್ಪಲಿ ಹೊಲಿದವರೂ ನಮ್ಮವರೇ.

ಹಾಗಿರುವಾಗ ಮೊಮ್ಮಗಳು ಶೂ ಕಟ್ಟಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ, ಯಾರಿಗೂ ಸುದ್ದಿ ಮುಟ್ಟಿಸಬೇಕಾಗಿಲ್ಲದೆ, ಊರಿನ ನಡುಬೀದಿಯಲ್ಲಿ ಓಡುವುದನ್ನು ಸುಮ್ಮನೆ ಓಡುವುದು ಎನ್ನಬಹುದೇ? ಅಜ್ಜನ ದಣಿವನ್ನು ಬೇರೆಯವರು ನಿರ್ಧರಿಸುತ್ತಿದ್ದರು, ಇವಳ ದಣಿವನ್ನು ಇವಳೇ ನಿರ್ಧರಿಸುತ್ತಾಳೆ. ಹಿರಿಯರಿಗೆ ನಾವು ಕೊಡಬಹುದಾದ ಮೊದಲ ಉತ್ತರ ಇದು.

ಆದರೆ ಉತ್ತರ ಇಲ್ಲಿಗೆ ಮುಗಿಯುವುದಿಲ್ಲ. ಒಬ್ಬ ಒಡೆಯನಿಂದ ಬಿಡಿಸಿಕೊಂಡ ಕಾಲು ಇನ್ನೊಬ್ಬ ಒಡೆಯನನ್ನು ಹುಡುಕಿಕೊಳ್ಳಬಹುದು. ಕೈಗಡಿಯಾರ ಹೇಳುವ ವೇಗ, ಮೊಬೈಲಿನಲ್ಲಿ ಕಾಣುವ ಗೆಳೆಯನ ಲೆಕ್ಕ, ಗೋಡೆಗೆ ತೂಗುಹಾಕುವ ಪದಕ ಇವೂ ಒಡೆಯರಾಗುತ್ತವೆ. ಮೊಣಕಾಲು ನೋಯುತ್ತಿದ್ದರೂ "ಇವತ್ತು ಬಿಟ್ಟರೆ ಹಿಂದೆ ಬೀಳುತ್ತೇನೆ" ಎಂದು ಓಡುವವನು ಯಾರ ಚಾಕರಿ ಮಾಡುತ್ತಿದ್ದಾನೆ?

ಇಲ್ಲಿ ವಿನಯ ಪಿಟಕದ ಸೋಣ ಕೋಳಿವಿಸನ ಕಥೆ ನಮಗೆ ದಾರಿ. ಸೋಣ ಚಂಪಾ ನಗರದ ಶ್ರೀಮಂತ ಶ್ರೇಷ್ಠಿಯ ಮಗ. ನೆಲ ತುಳಿದು ಅಭ್ಯಾಸವಿಲ್ಲದ ಅವನ ಅಂಗಾಲು ಎಷ್ಟು ಮೃದುವೆಂದರೆ ಅಲ್ಲಿ ರೋಮ ಬೆಳೆದಿತ್ತಂತೆ. ಭಿಕ್ಷುವಾದ ಮೇಲೆ ರಾಜಗೃಹದ ಸೀತವನದಲ್ಲಿ ಅವನು ಹಗಲಿರುಳು ಚಂಕಮಣ, ಅಂದರೆ ನಡಿಗೆಯ ಧ್ಯಾನ, ಮಾಡಿದ. ಅಂಗಾಲು ಒಡೆದು ಅವನು ನಡೆಯುವ ಜಾಗವೆಲ್ಲ ರಕ್ತವಾಯಿತು. ಆದರೂ ಫಲ ಸಿಗಲಿಲ್ಲ. ಮನೆಗೆ ಹಿಂದಿರುಗೋಣವೇ ಎಂಬ ಯೋಚನೆ ಬಂತು. ಆಗ ಭಗವಾನರು ಬಂದು, ಅವನು ಗೃಹಸ್ಥನಾಗಿದ್ದಾಗ ನುಡಿಸುತ್ತಿದ್ದ ವೀಣೆಯನ್ನು ನೆನಪಿಸಿದರು. ತಂತಿ ಅತಿ ಬಿಗಿಯಾದರೆ ನಾದವಿಲ್ಲ, ಅತಿ ಸಡಿಲವಾದರೂ ನಾದವಿಲ್ಲ. ಪ್ರಯತ್ನವೂ ಹಾಗೆಯೇ.

ಗಮನಿಸಿ: ರಕ್ತವನ್ನು ನೋಡಿ ಬುದ್ಧರು ಶಹಬ್ಬಾಸ್ ಎನ್ನಲಿಲ್ಲ. ನಡೆಯಬೇಡ ಎಂದೂ ಹೇಳಲಿಲ್ಲ. ಅಂಗುತ್ತರ ನಿಕಾಯದಲ್ಲಿ ಅವರು ಚಂಕಮಣದ ಐದು ಲಾಭಗಳನ್ನೇ ಎಣಿಸಿದ್ದಾರೆ: ದೂರ ನಡೆಯುವ ಶಕ್ತಿ, ಪ್ರಯತ್ನಿಸುವ ಶಕ್ತಿ, ಆರೋಗ್ಯ, ಉಂಡದ್ದು ಅರಗುವುದು, ಬಹಳ ಕಾಲ ನಿಲ್ಲುವ ಏಕಾಗ್ರತೆ.

ಓಟಕ್ಕೆ ಈ ವೀಣೆಯ ಪಾಠ ಹೀಗೆ ಹೊಂದುತ್ತದೆ. ಹೊಸದಾಗಿ ಓಡುವವರ ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು, ಕೀಲು, ಹಿಮ್ಮಡಿಯ ಸ್ನಾಯುರಜ್ಜು ಪಳಗಲು ತಿಂಗಳುಗಳು ಬೇಕು. ಉಸಿರು "ಇನ್ನೂ ಓಡು" ಎನ್ನುತ್ತದೆ, ಎಲುಬು ತಡೆಯುವುದಿಲ್ಲ. ಹೆಚ್ಚಿನವರು ಗಾಯ ಮಾಡಿಕೊಳ್ಳುವುದು ಈ ಅಂತರದಲ್ಲಿ. ಆದ್ದರಿಂದ ವಾರದ ದೂರವನ್ನು ಹಿಂದಿನ ವಾರಕ್ಕಿಂತ ಸುಮಾರು 10 ಶೇಕಡಕ್ಕಿಂತ ಹೆಚ್ಚಿಸಬೇಡಿ ಎಂಬ ರೂಢಿಯ ಮಾತಿದೆ. ವಾರದ ಹೆಚ್ಚಿನ ಓಟ, ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಬಲ್ಲಷ್ಟು ನಿಧಾನವಾಗಿರಲಿ. ವಾರಕ್ಕೆ ಒಂದೆರಡು ದಿನ ವಿಶ್ರಾಂತಿ ಇರಲಿ. ಮೊಣಕಾಲ ಕೆಳಗಿನ ಎಲುಬಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು ದಿನದಿನಕ್ಕೆ ಹೆಚ್ಚಿದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಎದೆನೋವು, ತಲೆಸುತ್ತು ಬಂದರೆ ಆ ಕ್ಷಣವೇ ನಿಲ್ಲಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಬೇಕು. ನೀರಿಗೂ ಮಧ್ಯಮ ಮಾರ್ಗವಿದೆ. ಕಡಿಮೆಯಾದರೆ ಅಪಾಯ, ದೀರ್ಘ ಓಟದಲ್ಲಿ ಬಾಯಾರಿಕೆ ಮೀರಿ ಕುಡಿಯುತ್ತಲೇ ಹೋದರೆ ರಕ್ತದ ಸೋಡಿಯಂ ಇಳಿದು ಅದೂ ಅಪಾಯ.

ಸೋಣನ ಕಥೆ ವೀಣೆಗೇ ನಿಲ್ಲುವುದಿಲ್ಲ. ನಮಗೆ ಹೆಚ್ಚು ಬೇಕಾದದ್ದು ಅದರ ಮುಂದಿನ ಭಾಗ. ಅವನ ಕಾಲು ನೋಡಿ ಬುದ್ಧರು ಒಂದೇ ಪದರದ ಅಟ್ಟೆಯ ಪಾದರಕ್ಷೆ ಧರಿಸಲು ಅವನಿಗೆ ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ಎಂಬತ್ತು ಗಾಡಿ ಚಿನ್ನ ಬಿಟ್ಟುಬಂದವನು ಈಗ ಪಾದರಕ್ಷೆಗೆ ಅಂಟಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ, ಸಂಘಕ್ಕೆಲ್ಲ ಅನುಮತಿಯಾದರೆ ನಾನೂ ಧರಿಸುತ್ತೇನೆ, ಇಲ್ಲವಾದರೆ ಇಲ್ಲ ಎಂದ. ಇದರಲ್ಲಿ ಜನರ ಬಾಯಿಗೆ ಹೆದರಿದ್ದೂ ಇದೆ, ಇಲ್ಲವೆನ್ನಲಾಗದು. ಆದರೆ ಬುದ್ಧರು ಮಾಡಿದ್ದೇನು? "ಹಾಗಾದರೆ ಬರಿಗಾಲಲ್ಲೇ ಇರು" ಎನ್ನಲಿಲ್ಲ. ಎಲ್ಲ ಭಿಕ್ಷುಗಳಿಗೂ ಪಾದರಕ್ಷೆಯ ಅನುಮತಿ ಕೊಟ್ಟರು. ಶ್ರೀಮಂತನ ಮೃದು ಪಾದಕ್ಕೆ ಸಿಕ್ಕ ಸೌಲಭ್ಯ, ಒರಟು ಪಾದದ ಭಿಕ್ಷುವಿಗೂ ಸಿಕ್ಕಿತು.

ಬರಿಗಾಲನ್ನು ದೊಡ್ಡ ಗುಣವೆಂದು ಹೊಗಳುವವರು 1960ರ ರೋಮ್ ಒಲಿಂಪಿಕ್ಸ್ ನೆನೆಯುತ್ತಾರೆ. ಇಥಿಯೋಪಿಯದ ಅಬೆಬೆ ಬಿಕಿಲ ಅಲ್ಲಿ ಬರಿಗಾಲಲ್ಲೇ ಓಡಿ ಮ್ಯಾರಥಾನ್ ಗೆದ್ದ. ಅದೇ ಬಿಕಿಲ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು, ಮೂರು ನಿಮಿಷಕ್ಕೂ ಹೆಚ್ಚು ವೇಗವಾಗಿ ಓಡಿ, ಮತ್ತೆ ಚಿನ್ನ ಗೆದ್ದುದನ್ನು ಹೇಳುವವರು ಕಡಿಮೆ. ಬಡವರ ಬರಿಗಾಲನ್ನು ಕೊಂಡಾಡುವುದು ಸುಲಭ, ಅದಕ್ಕೆ ಖರ್ಚಿಲ್ಲ. ನಾನು ಶಾಲೆಯಲ್ಲಿರುವವಳು. ಕ್ರೀಡಾಕೂಟದ ದಿನ ಸುಡುವ ಮೈದಾನದಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳನ್ನು ನೋಡಿದ್ದೇನೆ. ಅವರಲ್ಲಿ ಯಾರಿಗೂ ಅದು ಆದರ್ಶವಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆಲ್ಲ ಶೂ, ಸಾಕ್ಸ್ ಕೊಡುವ ನಮ್ಮ ರಾಜ್ಯದ ಯೋಜನೆಯನ್ನು ಹಗುರವಾಗಿ ಕಾಣುವವರಿಗೆ ಸೋಣನ ಕಥೆ ಹೇಳಬೇಕು.

ಹಾಗಾದರೆ ನಮ್ಮ ಮಕ್ಕಳು ಒಳ್ಳೆಯ ಶೂ ಕೊಳ್ಳಬಾರದೇ? ಕೊಳ್ಳಲಿ, ಅಳೆದು ಕೊಳ್ಳಲಿ. ಓಡುವಾಗ ಪಾದ ಊದುವುದರಿಂದ ಸಂಜೆಯ ಹೊತ್ತು ಹಾಕಿ ನೋಡಿ, ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗವಿದ್ದರೆ ಸಾಕು. ಬೆಲೆ ಹೆಚ್ಚಾದಷ್ಟೂ ಗಾಯ ಕಡಿಮೆ ಎಂಬ ನಿಯಮವಿಲ್ಲ. ಸಾಮಾನ್ಯವಾಗಿ 500ರಿಂದ 800 ಕಿ.ಮೀ.ಗೆ ಅಟ್ಟೆಯ ಮೆತ್ತೆ ಸೋಲುತ್ತದೆ. ಸೋತ ಶೂವನ್ನು ಓಡುವ ಹುಡುಗನಿಗೆ ಕೊಟ್ಟು ದಾನ ಎನ್ನಬೇಡಿ. ನಮ್ಮ ಕಾಲಿಗೆ ಆಗದ್ದು ಅವನ ಕಾಲಿಗೂ ಆಗದು. ಎರಡನೆಯ ಜೊತೆ ನಮಗೆ ಕೊಳ್ಳುವ ಮೊದಲು, ಮೊದಲ ಜೊತೆಯೇ ಇಲ್ಲದ ಒಂದು ಮಗುವಿಗೆ ಅದರ ಅಳತೆಯ ಹೊಸ ಶೂ ಕೊಡಿಸಬಹುದು.

ರಸ್ತೆಗೂ ಸೋಣನ ಷರತ್ತು ಅನ್ವಯಿಸುತ್ತದೆ. ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು, ಕತ್ತಲಲ್ಲಿ ಹೊಳೆಯುವ ಪಟ್ಟಿಯ ಬಟ್ಟೆ ತೊಡಬೇಕು, ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬಾರದು. ಇವು ಎಲ್ಲರಿಗೂ ಸರಿ. ಆದರೆ ಬೆಳಗಿನ ಐದರ ಕತ್ತಲು ಗಂಡಿಗೆ ತಂಪು ಹೊತ್ತು, ಹೆಣ್ಣಿಗೆ ಲೆಕ್ಕ ಹಾಕಬೇಕಾದ ಹೊತ್ತು. ಬಡಾವಣೆಯ ಗೆಳೆಯರು ಗುಂಪು ಕಟ್ಟಿ ಓಡುವುದಾದರೆ ಗುಂಪಿನ ವೇಗ ಅತ್ಯಂತ ನಿಧಾನದವರ ವೇಗವಾಗಿರಲಿ. ಹಾಗಾದಾಗ ಹೊಸದಾಗಿ ಬಂದ ಹೆಣ್ಣುಮಗಳು ಕತ್ತಲಲ್ಲಿ ಒಂಟಿಯಾಗಿ ಹಿಂದುಳಿಯುವುದಿಲ್ಲ. ನಮ್ಮ ವೇಗ ತುಸು ಕಡಿಮೆಯಾಗುತ್ತದೆ. ಅದು ನಷ್ಟವೆನಿಸಿದರೆ, ನಾವು ಯಾವುದಕ್ಕಾಗಿ ಓಡುತ್ತಿದ್ದೇವೆ ಎಂದು ಅಲ್ಲೇ ಕೇಳಿಕೊಳ್ಳಬಹುದು.

ಓಡುವವರೂ ಓಡದವರೂ ಇವತ್ತು ಎರಡು ಪ್ರಶ್ನೆ ಇಟ್ಟುಕೊಂಡು ನೋಡೋಣ:

*1.* ನನ್ನ ಇವತ್ತಿನ ದಣಿವಿನಲ್ಲಿ ನಾನೇ ಆರಿಸಿಕೊಂಡದ್ದು ಎಷ್ಟು, ಹೋಲಿಕೆ ನನ್ನಿಂದ ಮಾಡಿಸಿದ್ದು ಎಷ್ಟು?

*2.* ನನಗೆ ಸಿಕ್ಕ ಯಾವ ಪಾದರಕ್ಷೆ ಇನ್ನೂ ಸಂಘಕ್ಕೆ ಸಿಕ್ಕಿಲ್ಲ?

ಭಾನುವಾರದ ಅಧ್ಯಯನಕ್ಕೆ ಉತ್ತರಗಳೊಡನೆ ಬನ್ನಿ. ಮನೆಯ ಹಿರಿಯರನ್ನೂ ಕರೆತನ್ನಿ, ಪ್ರಶ್ನೆ ಎತ್ತಿದವರು ಅವರೇ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.